ಒಂಬತ್ತು ತಟ್ಟೆ, ಒಂದೇ ಸಂಬಳ: ತಿಂಗಳ ಕೊನೆಯ ಹತ್ತು ದಿನ ದಾಟೋದು ಹೇಗೆ?

ಒಂಬತ್ತು ತಟ್ಟೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಕೇಳಲೇಬೇಕಾಗಿದೆ.

ಮನೆಯಲ್ಲಿ ಒಂಬತ್ತು ಜನ. ನಾನು, ಯಜಮಾನರು, ನಾಲ್ಕು ಮಕ್ಕಳು, ಅತ್ತೆ, ಮಾವ, ಮೈದುನ. ದೊಡ್ಡ ಮಗನಿಗೆ ಹದಿನಾರು, ಕೊನೆಯವಳಿಗೆ ಮೂರು. ಮಾವನಿಗೆ ಸಕ್ಕರೆ ಕಾಯಿಲೆ. ಅತ್ತೆಗೆ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಬಾಕಿ ಎಲ್ಲ ಹೋಗಿವೆ. ಮೈದುನನ ಕೆಲಸ ಹೋಗಿ ನಾಲ್ಕು ತಿಂಗಳಾಯಿತು, ಹಾಗಾಗಿ ಈಗ ಬರುವುದು ಒಂದೇ ಸಂಬಳ.

ಮೊದಲ ಇಪ್ಪತ್ತು ದಿನ ಹೇಗೋ ನಡೆಯುತ್ತದೆ. ಆಮೇಲೆ ಡಬ್ಬಗಳ ತಳ ಕಾಣಿಸುತ್ತದೆ. ಕೊನೆಯ ಹತ್ತು ದಿನ ಅನ್ನ, ನೀರಾದ ಬೇಳೆ, ಆಲೂಗಡ್ಡೆ, ಮತ್ತೆ ಅನ್ನ. ದೊಡ್ಡವನು ಊಟವಾಗಿ ಒಂದು ಗಂಟೆಗೆಲ್ಲ ಅಡುಗೆಮನೆಗೆ ಬಂದು ಡಬ್ಬ ಅಲ್ಲಾಡಿಸಿ ನೋಡುತ್ತಾನೆ. ಎರಡನೆಯವಳಿಗೆ ರಕ್ತ ಕಡಿಮೆ ಇದೆ ಎಂದು ಡಾಕ್ಟರ್ ಹೋದ ವಾರ ಮಾತ್ರೆ ಕೊಟ್ಟರು. "ಚೆನ್ನಾಗಿ ತಿನ್ನಿಸಿ" ಅಂದರು. ಏನನ್ನು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಹೊರಗೆ ತಿನ್ನೋದು ಬಿಡಿ ಎಂದು ಮಾತ್ರ ಹೇಳಬೇಡಿ. ನಾವು ಹೊರಗೆ ತಿಂದು ವರ್ಷವೇ ಆಯಿತು.

ಖಾರದಪುಡಿ

ಮೈದುನನಿಗೆ ಬೇಗ ಒಂದು ಕೆಲಸ ಸಿಗಲಿ. ಅದೊಂದೇ ಪರಿಹಾರ. ಬಾಕಿ ಎಲ್ಲ ಸುಮ್ನೆ ಮಾತು. ಹಣ ಇಲ್ಲದೆ ಪೌಷ್ಟಿಕ ಆಹಾರ ಎಲ್ಲಿಂದ ಬರುತ್ತದೆ?

ಹಳೇ ಕುಕ್ಕರ್

ಖಾರದಪುಡಿ ಅವರೇ, ಕೆಲಸ ಸಿಗುವವರೆಗೆ ಆ ಮಕ್ಕಳು ಉಪವಾಸ ಕೂರಬೇಕಾ? ಸ್ವಲ್ಪ ತಡೀರಿ.

ತಂಗೀ, ಮೊದಲು ಒಂದು ವಾರ ಏನೇನು ಎಷ್ಟೆಷ್ಟು ಬೇಯಿಸುತ್ತೀಯ ಅಂತ ಬರೆದು ಹಾಕು. ಅಂದಾಜು ಬೇಡ, ಅಳೆದು ಬರೆ.

ದೊಡ್ಡ ಹಂಡೆ

ಅಕ್ಕ ಹೇಳಿದ್ದು ಸರಿ. ನಾನು ಇಪ್ಪತ್ತೆರಡು ವರ್ಷದಿಂದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದೇನೆ. ಅರವತ್ತು ಹುಡುಗರು. ನಮಗೂ ತಿಂಗಳಿಗೆ ಇಷ್ಟೇ ಎಂದು ಕೈಗೆ ಕೊಡುತ್ತಾರೆ. ದಿನಕ್ಕೆ ಬೇಳೆಕಾಳು ಎಷ್ಟು ಗ್ರಾಂ ಹಾಕುತ್ತೀರಿ ಎಂದು ಅದೊಂದನ್ನು ಹೇಳಿ, ಮುಂದಿನದು ಆಮೇಲೆ ನೋಡೋಣ.

ಒಂಬತ್ತು ತಟ್ಟೆ

ಇವತ್ತು ತೂಕ ಹಾಕಿ ನೋಡಿದೆ. ಎರಡು ಹೊತ್ತಿಗೂ ಸೇರಿ ಬೇಳೆ 200 ಗ್ರಾಂ. ಅಕ್ಕಿ ಎರಡೂವರೆ ಕಿಲೋ. ಹಾಲು ದಿನಕ್ಕೆ ಒಂದು ಲೀಟರ್, ಅದರಲ್ಲಿ ಅರ್ಧ ಟೀಗೇ ಹೋಗುತ್ತದೆ. ಸೊಪ್ಪು ವಾರಕ್ಕೆ ಎರಡು ದಿನ. ಭಾನುವಾರ ಮೊಟ್ಟೆ, ಎಂಟು ತರುತ್ತೇನೆ. ತರಕಾರಿ ದಿನಾ ಒಂದು ಕಿಲೋ ಇರಬಹುದು, ಹೆಚ್ಚಾಗಿ ಆಲೂಗಡ್ಡೆ.

ದೊಡ್ಡ ಹಂಡೆ

ನಿಮ್ಮ ಮಗ ಡಬ್ಬ ಯಾಕೆ ಅಲ್ಲಾಡಿಸುತ್ತಾನೆ ಅಂತ ಗೊತ್ತಾಯಿತು.

200 ಗ್ರಾಂ ಬೇಳೆಯನ್ನು ಒಂಬತ್ತು ಜನಕ್ಕೆ ಹಂಚಿದರೆ ತಲೆಗೆ 22 ಗ್ರಾಂ. ಒಣ ಬೇಳೆಕಾಳಿನಲ್ಲಿ 100 ಗ್ರಾಮಿಗೆ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಒಬ್ಬರಿಗೆ ಇಡೀ ದಿನಕ್ಕೆ ಬೇಳೆಯಿಂದ ಸಿಗೋದು ಬರೀ ಐದು ಗ್ರಾಂ, ಒಂದು ಮೊಟ್ಟೆಗಿಂತ ಕಡಿಮೆ. 60 ಕಿಲೋ ತೂಕದ ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಅಕ್ಕಿಯಿಂದ ಒಂದಷ್ಟು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಅನ್ನೋ, ದೇಹಕ್ಕೆ ಬೇಕಾದ ಒಂದು ಅಂಶ ಕಮ್ಮಿ. ಬೇಳೆಕಾಳಿನಲ್ಲಿ ಅದು ಧಾರಾಳವಾಗಿದೆ. ಕಾಳಿನಲ್ಲಿ ಕಮ್ಮಿ ಇರೋದು ಅಕ್ಕಿ, ಗೋಧಿಯಲ್ಲಿದೆ. ಎರಡೂ ಸೇರಿದರೆ ಮಾತ್ರ ಲೆಕ್ಕ ಸರಿ. ಒಂದೇ ತುತ್ತಿನಲ್ಲಿ ಸೇರಬೇಕು ಅಂತೇನಿಲ್ಲ, ಆ ದಿನದೊಳಗೆ ಸೇರಿದರೆ ಸಾಕು.

ನನ್ನ ಮಾತು ಇಷ್ಟೇ. ಅಕ್ಕಿ ಅರ್ಧ ಕಿಲೋ ಇಳಿಸಿ. ಬೇಳೆಕಾಳನ್ನು 450 ಗ್ರಾಮಿಗೆ ಏರಿಸಿ. ತಲೆಗೆ 50 ಗ್ರಾಂ ಬೀಳುತ್ತದೆ, ಅದರಲ್ಲಿ ಹನ್ನೊಂದು ಹನ್ನೆರಡು ಗ್ರಾಂ ಪ್ರೋಟೀನ್. ಎರಡು ಮೊಟ್ಟೆ ತಿಂದಷ್ಟಾಯಿತು. ಕಾಳು ಬೆಂದರೆ ತೂಕ ಎರಡರಷ್ಟಕ್ಕೂ ಮಿಕ್ಕುತ್ತದೆ, 450 ಗ್ರಾಂ ಅನ್ನೋದು ಪಾತ್ರೆಯಲ್ಲಿ ಒಂದು ಕಿಲೋ ಆಗಿ ಕೂರುತ್ತದೆ. ತಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಅನ್ನದ ಸಂದಿಯಲ್ಲಿ ಹರಿದು ಹೋಗಬಾರದು.

ಖಾರದಪುಡಿ

ಬೇಳೆ ದುಪ್ಪಟ್ಟು ಮಾಡಿ ಅಂದರೆ ಖರ್ಚೂ ದುಪ್ಪಟ್ಟು ಅಲ್ವಾ? ಯಾರ ಜೇಬಿನಿಂದ?

ಲೆಕ್ಕದ ಪುಸ್ತಕ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಹೆಸರೇ ಹೇಳುತ್ತದಲ್ಲ.

ನಾವೆಲ್ಲ ಕಿಲೋ ಬೆಲೆ ನೋಡುತ್ತೇವೆ. ನೋಡಬೇಕಾದ್ದು ಪ್ರೋಟೀನಿನ ಬೆಲೆ. ಒಂದು ಕಿಲೋ ಕಾಳಿನಲ್ಲಿ ಸುಮಾರು 220 ಗ್ರಾಂ, ಕಡಲೆಕಾಯಿ ಬೀಜದಲ್ಲಿ 250, ಸೋಯಾ ಕಾಳಿನಲ್ಲಿ 360ರ ಹತ್ತಿರ ಇದೆ. ಒಂದು ಮೊಟ್ಟೆಯಲ್ಲಿ 6. ಒಂದು ಲೀಟರ್ ಹಾಲಿನಲ್ಲಿ 33ರ ಆಸುಪಾಸು. ನೀವು ಕೊಡುವ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ. ನಿಮ್ಮಲ್ಲಿ ಯಾವುದು ಅಗ್ಗ ಅಂತ ಅಲ್ಲೇ ಕಾಣುತ್ತದೆ. ನಾನು ಮೊದಲ ಸಲ ಹೀಗೆ ಭಾಗಿಸಿದಾಗ ಬಿಸ್ಕತ್ತು ಎಲ್ಲಕ್ಕಿಂತ ದುಬಾರಿ ಅಂತ ಬಂತು. ಅದುವರೆಗೂ "ಸಂಜೆಗೆ ಅಗ್ಗದ್ದು" ಅಂತ ನಾನೇ ಎರಡೆರಡು ಪೊಟ್ಟಣ ತರುತ್ತಿದ್ದೆ.

ಮಕ್ಕಳು ಉದ್ದ ಆಗ್ತಾರೆ ಅಂತ ಹಾಲಿಗೆ ಬೆರೆಸುವ ಪುಡಿ ಮಾರುತ್ತಾರಲ್ಲ, ಅದನ್ನೂ ಭಾಗಿಸಿ ನೋಡಿ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರುತ್ತಾರೆ. ಓದಿದ ಮೇಲೆ ಕೊಳ್ಳಬೇಕು ಅನಿಸಿದರೆ ಕೊಳ್ಳಿ.

ಇನ್ನೊಂದು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂದುಕೊಳ್ಳಬೇಡಿ. 100 ಗ್ರಾಮಿಗೆ ಎಷ್ಟು ಬೀಳುತ್ತದೆ ನೋಡಿ. ಕೆಲವೊಮ್ಮೆ ಸಣ್ಣದೇ ಅಗ್ಗ.

ಮೂರನೇ ಮಗ

ಸಗಟು ಖರೀದಿ ಬಗ್ಗೆ ನನ್ನದೂ ಒಂದು ಅನುಭವ. ನಮ್ಮದೂ ದೊಡ್ಡ ಸಂಸಾರವೇ, ನಾನು ಐವರಲ್ಲಿ ಮೂರನೆಯವನು. ಒಂದು ಸಲ ಅಪ್ಪ ಸಾಲ ಮಾಡಿ ಒಂದು ಚೀಲ ಕಾಳು ತಂದರು. ಎರಡು ತಿಂಗಳಿಗೆ ಹುಳ. ಅಮ್ಮ ಅಂಗಳದಲ್ಲಿ ಮೊರ ಹಿಡಿದು ಕೂತು ಕೇರುತ್ತಲೇ ಇದ್ದರು, ಅಪ್ಪ ಆ ಕಡೆ ತಲೆ ಹಾಕಲಿಲ್ಲ. ಅರ್ಧ ಚೀಲ ಹಾಳಾಯಿತು. ಸಾಲ ಮಾತ್ರ ಪೂರ್ತಿ ತೀರಿಸಿದೆವು!

ಈಗ ನಾನು ಒಂದು ತಿಂಗಳಿಗೆ ಆಗುವಷ್ಟೇ ತರುತ್ತೇನೆ. ಫ್ರೀಜರ್ ಇದ್ದವರು ಹೊಸ ಕಾಳನ್ನು ನಾಲ್ಕು ದಿನ ಅದರಲ್ಲಿಟ್ಟು ಆಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿದರೆ ಮೊಟ್ಟೆ, ಹುಳ ಎರಡೂ ಸಾಯುತ್ತವೆ. ಕಡಲೆಕಾಯಿಗೆ ಬೂಸಲು ಬಂದಿದ್ದರೆ ಹುರಿದರೂ ತಿನ್ನಬೇಡಿ. ಆ ವಿಷ ಬಿಸಿಗೆ ಹೋಗುವುದಿಲ್ಲ.

ಹದಿನಾರರ ಹುಡುಗನ ಹಸಿವಿಗೆ ನನಗೆ ಗೊತ್ತಿರುವ ಮದ್ದು: ಬೇಯಿಸಿದ ಕಡಲೆಕಾಯಿ ಒಂದು ಬಟ್ಟಲು, ಸಂಜೆ ಐದಕ್ಕೆ. ಆಗ ರಾತ್ರಿ ಅನ್ನ ತಾನಾಗೇ ಕಮ್ಮಿ ಇಳಿಯುತ್ತದೆ. ಆದರೆ ಮೂರು ವರ್ಷದವಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅರೆದು ಕೊಡಿ.

ಬೆಳಗಿನ ಪಾಳಿ

ನಾನು ನರ್ಸ್. ರಕ್ತ ಕಡಿಮೆ ಇರುವ ಮಗುವಿನ ಬಗ್ಗೆ ಹೇಳಬೇಕು.

ಊಟದ ಜೊತೆ ಅಥವಾ ಊಟವಾದ ಕೂಡಲೇ ಟೀ ಕುಡಿಯುತ್ತಾಳಾ? ಅದನ್ನು ನಿಲ್ಲಿಸಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೊದಲೇ ದೇಹಕ್ಕೆ ಕಷ್ಟಪಟ್ಟು ಹತ್ತುವಂಥದ್ದು. ಟೀ, ಕಾಫಿ ಅದನ್ನು ಇನ್ನಷ್ಟು ತಡೆಯುತ್ತವೆ. ಕನಿಷ್ಠ ಒಂದು ಗಂಟೆ ಅಂತರ ಇರಲಿ. ವಿಟಮಿನ್ ಸಿ ಅದಕ್ಕೆ ತಿರುಗಾಮುರುಗ, ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಬಡಿಸುವಾಗ ನಿಂಬೆರಸ ಹಿಂಡಿ, ಅಥವಾ ಹಸಿ ಟೊಮೆಟೊ, ಹಸಿ ಎಲೆಕೋಸು ಒಂದು ಹಿಡಿ ಪಕ್ಕಕ್ಕಿಡಿ. ಇದಕ್ಕೆ ಜಾಸ್ತಿ ಖರ್ಚಿಲ್ಲ. ಕಬ್ಬಿಣದ ಮಾತ್ರೆಯನ್ನೂ ಟೀ, ಹಾಲಿನ ಜೊತೆ ನುಂಗಿಸಬೇಡಿ. ಮತ್ತೆ ಊಟ ಸುಧಾರಿಸಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಅರ್ಧ ಲೀಟರ್ ಹಾಲು ಟೀಗೆ ಹೋಗುತ್ತದೆ ಎಂದಿರಿ. ಒಂದು ಹೊತ್ತಿನ ಟೀ ಬಿಟ್ಟರೂ ಮಕ್ಕಳಿಗೆ ಒಂದು ಲೋಟ ಹಾಲು ಉಳಿಯುತ್ತದೆ. ನೀವು ಮಾಂಸ ತಿನ್ನದವರಾದರೆ ಇದು ಇನ್ನೂ ಮುಖ್ಯ. ವಿಟಮಿನ್ ಬಿ12 ಕಾಳಿನಲ್ಲಿ, ಸೊಪ್ಪಿನಲ್ಲಿ ಇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು.

ಮಾವನವರ ವಿಷಯ. ಅನ್ನ ಕಮ್ಮಿ ಮಾಡಿ ಕಾಳು ಜಾಸ್ತಿ ಮಾಡುವುದು ಸಕ್ಕರೆ ಕಾಯಿಲೆಗೆ ಒಳ್ಳೆಯದೇ, ಸಕ್ಕರೆ ನಿಧಾನ ಏರುತ್ತದೆ. ಆದರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಬೀಳಬಹುದು. ಡಾಕ್ಟರಿಗೆ ಮೊದಲೇ ಹೇಳಿ. ಕಿಡ್ನಿ ತೊಂದರೆಯೂ ಇದ್ದರೆ ಪ್ರೋಟೀನ್ ಎಷ್ಟು ಅನ್ನೋದನ್ನು ಅವರೇ ಹೇಳಬೇಕು.

ಒಂಬತ್ತು ತಟ್ಟೆ

ಟೀ ವಿಷಯ ಗೊತ್ತೇ ಇರಲಿಲ್ಲ. ಅವಳು ಊಟವಾದ ಕೂಡಲೇ ಅಜ್ಜನ ಲೋಟದಿಂದ ಅರ್ಧ ಕುಡಿಯುತ್ತಾಳೆ. ಅದು ಅವರಿಬ್ಬರ ಆಟ.

ಸೊಪ್ಪಿನ ಕಷ್ಟ ಏನೆಂದರೆ, ತಂದಿದ್ದರಲ್ಲಿ ಅರ್ಧ ಕೊಳೆಯುತ್ತದೆ. ಅತ್ತೆಗೆ ಅಗಿಯಲು ಆಗುವುದಿಲ್ಲ, ಸಣ್ಣವಳು ಎತ್ತಿ ಎತ್ತಿ ತಟ್ಟೆಯ ಅಂಚಿಗಿಡುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡೋಕೆ ಗ್ಯಾಸೂ ಇಲ್ಲ, ಜೀವವೂ ಇಲ್ಲ.

ದೊಡ್ಡ ಹಂಡೆ

ಒಬ್ಬೊಬ್ಬರಿಗೆ ಒಂದೊಂದು ಬೇಡ. ಒಂದೇ ಹಂಡೆ, ಮೂರು ಸೌಟು. ನಾವು ಮಾಡೋದು ಹೀಗೆ.

ಕಾಳನ್ನು ರಾತ್ರಿ ನೆನೆಹಾಕುತ್ತೇವೆ, ನೀರಿಗೆ ಒಂದು ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ಜನ ಹೇಳುತ್ತಾರೆ, ನಂಬಬೇಡಿ. ನೆನೆಯುವಾಗ ಉಪ್ಪಿದ್ದರೆ ಸಿಪ್ಪೆ ಮೆತ್ತಗಾಗುತ್ತದೆ. ಬೆಳಗ್ಗೆ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಕುಕ್ಕರ್. ಒಳಗೆ ಬಿಸಿ 120 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ, ಗ್ಯಾಸ್ ತುಂಬಾ ಉಳಿಯುತ್ತದೆ. ಬೆಂದ ಮೇಲೆ ಇನ್ನೂ ಖಾರ ಹಾಕಿಲ್ಲ ನೋಡಿ, ಆಗಲೇ ಎರಡು ಸೌಟು ಪಕ್ಕಕ್ಕೆ ತೆಗೆದು ಸೊಪ್ಪಿನ ಜೊತೆ ನುಣ್ಣಗೆ ಮಸೆಯಿರಿ. ಅದು ನಿಮ್ಮ ಅತ್ತೆಗೆ, ಸಣ್ಣವಳಿಗೆ. ಮೇಲೆ ಅರ್ಧ ಚಮಚ ಎಣ್ಣೆ. ಸೊಪ್ಪು, ಕ್ಯಾರೆಟ್‌ನಲ್ಲಿರುವ ವಿಟಮಿನ್ ಎ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕೇಬೇಕು. ಉಳಿದದ್ದಕ್ಕೆ ಈರುಳ್ಳಿ, ಖಾರ, ತರಕಾರಿ. ಮಾವನಿಗೆ ಅದರಲ್ಲೇ ಕಾಳು ಜಾಸ್ತಿ, ಅನ್ನ ಕಡಿಮೆ. ಹುಡುಗನಿಗೆ ಎರಡೂ ಜಾಸ್ತಿ.

ರಾಜ್ಮಾ ತಂದರೆ ಮಾತ್ರ ಜೋಕೆ. ಅರೆಬೆಂದ ರಾಜ್ಮಾ ನಾಲ್ಕೈದು ಕಾಳು ತಿಂದರೂ ವಾಂತಿ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವುದು ಇನ್ನೂ ಕೆಟ್ಟದ್ದು, ಆ ವಿಷ ಹೋಗುವುದು ಜೋರಾಗಿ ಕುದಿದರೆ ಮಾತ್ರ. ನೆನೆಸಿ, ನೀರು ಚೆಲ್ಲಿ, ಅರ್ಧ ಗಂಟೆ ಕೊತಕೊತ ಕುದಿಸಿ ಅಥವಾ ಕುಕ್ಕರ್‌ನಲ್ಲಿ ಪೂರ್ತಿ ಬೇಯಿಸಿ.

ಸೊಪ್ಪು ತಂದ ದಿನವೇ ಬಿಡಿಸಿ, ನೀರು ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸುತ್ತಿಡಿ. ಒದ್ದೆ ಸೊಪ್ಪು ಎರಡನೇ ದಿನಕ್ಕೇ ಲೋಳೆ. ದಂಟು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಬೇಳೆಗೆ ಹಾಕಿ.

ಖಾರದಪುಡಿ

ಸರಿ, ಬೇಳೆಯ ಮಾತು ಒಪ್ಪಿದೆ. ಆದರೆ ಜಗತ್ತಿನಲ್ಲಿ ಅರ್ಧ ಆಹಾರ ಕಸಕ್ಕೆ ಹೋಗುತ್ತದೆ, ಅದೆಲ್ಲ ಶ್ರೀಮಂತರ ಮನೆಯಲ್ಲಿ. ಬಡವರ ಮನೆಯಲ್ಲಿ ಏನು ಪೋಲಾಗುತ್ತದೆ?

ಲೆಕ್ಕದ ಪುಸ್ತಕ

ಅರ್ಧ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಗ್ರಾಹಕರ ಕಡೆ ಬಂದ ಆಹಾರದಲ್ಲಿ ನೂರಕ್ಕೆ 19ರಷ್ಟು ಪೋಲಾಯಿತು. ಅದರಲ್ಲಿ 60ರಷ್ಟು ಮನೆಗಳಿಂದಲೇ. ಶ್ರೀಮಂತ ದೇಶ, ಬಡ ದೇಶ ಅಂತ ಮನೆಯ ಪೋಲಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಎಂದೂ ಅದರಲ್ಲಿದೆ.

ಒಂಬತ್ತು ತಟ್ಟೆ ಅವರೇ, ಒಂದು ಕೆಲಸ ಮಾಡಿ. ಒಂದು ಬಕೆಟ್ ಇಡಿ. ಒಂದು ವಾರ ಎಸೆಯುವ ತಿನ್ನುವ ಪದಾರ್ಥವನ್ನೆಲ್ಲ ಅದಕ್ಕೆ ಹಾಕಿ ರಾತ್ರಿ ತೂಕ ಮಾಡಿ ಬರೆಯಿರಿ. ಸಿಪ್ಪೆ ಬೇರೆ.

ಹಳೇ ಕುಕ್ಕರ್

ನಾನು ಇಷ್ಟು ಹೊತ್ತು ಒಂದು ವಿಷಯ ಯಾರಾದರೂ ಕೇಳುತ್ತಾರಾ ಅಂತ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ.

ತಂಗೀ, ಭಾನುವಾರ ಎಂಟು ಮೊಟ್ಟೆ ಅಂದೆ. ಮನೆಯಲ್ಲಿ ಒಂಬತ್ತು ಜನ ಅಲ್ವಾ?

ಒಂಬತ್ತು ತಟ್ಟೆ

ನನಗೆ ಮೊಟ್ಟೆ ಅಷ್ಟಾಗಿ ಇಷ್ಟ ಇಲ್ಲ ಅಕ್ಕ.

ಹಳೇ ಕುಕ್ಕರ್

ನನಗೂ ಮೂವತ್ತು ವರ್ಷ ಇಷ್ಟ ಇರಲಿಲ್ಲ. ಕೊನೆಯ ಮಗಳ ಮದುವೆ ಆದಮೇಲೆ ಇದ್ದಕ್ಕಿದ್ದಂತೆ ಇಷ್ಟ ಆಯಿತು.

ಬೆಳಗಿನ ಪಾಳಿ

ಅಕ್ಕ, ಕೈ ಮುಗಿದೆ.

ಒಂಬತ್ತು ತಟ್ಟೆ ಅವರೇ, ಮುಂದಿನ ಸಲ ಮಗಳನ್ನು ಕರೆದುಕೊಂಡು ಹೋದಾಗ ನಿಮ್ಮ ಹಿಮೋಗ್ಲೋಬಿನ್ ಕೂಡ ನೋಡಿಸಿ. ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ ಕಬ್ಬಿಣ ಬೇಕು. ಬಡಿಸುವಾಗ ಎಲ್ಲ ತಟ್ಟೆಗೂ ಮೊದಲೇ ಹಾಕಿಡಿ, ನಿಮ್ಮದನ್ನೂ ಸೇರಿಸಿ. ಪಾತ್ರೆಯಲ್ಲಿ ಉಳಿದದ್ದು ನನಗೆ ಅಂದರೆ ಅದರಲ್ಲಿ ಉಳಿಯುವುದು ತಿಳಿನೀರು, ಕಾಳಲ್ಲ.

ಒಂಬತ್ತು ತಟ್ಟೆ (ಮೂರು ವಾರದ ನಂತರ)

ಮತ್ತೆ ಬಂದೆ. ಎಲ್ಲರೂ ಕೇಳುತ್ತಿದ್ದೀರಿ, ಹೇಳುತ್ತೇನೆ.

ಬಕೆಟ್ ವಿಷಯ ಮೊದಲು. ಒಂದು ವಾರಕ್ಕೆ 4 ಕಿಲೋ 300 ಗ್ರಾಂ. ನನಗೇ ನಂಬಿಕೆ ಆಗಲಿಲ್ಲ, ಎರಡು ಸಲ ಕೂಡಿಸಿದೆ. ಅದರಲ್ಲಿ ಮೂರು ಕಿಲೋ ಅನ್ನ. ಯಾರಾದರೂ ಬಂದರೆ ಇರಲಿ ಅಂತ ರಾತ್ರಿ ಒಂದು ಪಾವು ಜಾಸ್ತಿ ಹಾಕುವುದು ನನ್ನ ಅಮ್ಮನಿಂದ ಬಂದ ಅಭ್ಯಾಸ. ವಾರವಿಡೀ ಯಾರೂ ಬರಲಿಲ್ಲ. ಅನ್ನ ಒಲೆ ಮೇಲೇ ರಾತ್ರಿ ಕಳೆದು ಬೆಳಗ್ಗೆ ಹುಳಿ ವಾಸನೆ. ಬಾಕಿ ಸೊಪ್ಪು, ಸಣ್ಣವಳ ತಟ್ಟೆ, ಅರ್ಧ ಎಲೆಕೋಸು.

ಈಗ ಅಕ್ಕಿ ಎರಡು ಕಿಲೋಗೆ ಇಳಿದಿದೆ. ಉಳಿತಾಯ ನೇರ ಕಾಳಿನ ಡಬ್ಬಕ್ಕೆ. ಬಿಸ್ಕತ್ತು ನಿಂತಿದೆ, ಮಧ್ಯಾಹ್ನದ ಟೀಯೂ ನಿಂತಿದೆ. ಮಾವನವರ ಡಾಕ್ಟರಿಗೆ ಮೊದಲೇ ಹೇಳಿದೆವು, ಅನ್ನ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಅಂದರು. ಅಜ್ಜ ಮೊಮ್ಮಗಳ ಆಟ ಈಗ ಟೀ ಬದಲು ನಿಂಬೆಹಣ್ಣು ಯಾರು ಹಿಂಡಬೇಕು ಅನ್ನೋದರ ಮೇಲೆ ನಡೆಯುತ್ತಿದೆ. ಒಟ್ಟು ಖರ್ಚು ಕಡಿಮೆ ಆಗಿಲ್ಲ, ಸುಳ್ಳು ಹೇಳಲಾರೆ. ಅಷ್ಟೇ ಇದೆ. ಆದರೆ ಈ ಸಲ ಇಪ್ಪತ್ತಾರನೇ ತಾರೀಖಿಗೂ ಡಬ್ಬದಲ್ಲಿ ಕಾಳಿದೆ.

ಬೆಳಗಿನ ಪಾಳಿ

ರಾತ್ರಿಯಿಡೀ ಒಲೆ ಮೇಲೆ ಉಳಿದ ಅನ್ನವನ್ನು ಬಿಸಿ ಮಾಡಿ ಯಾರಿಗೂ ಕೊಡಲಿಲ್ಲ ತಾನೆ? ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ, ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಉಳಿಯುತ್ತದೆ ಅನಿಸಿದರೆ ಅಗಲ ತಟ್ಟೆಗೆ ಹರವಿ, ಬೇಗ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗಿಡಿ. ಮರುದಿನವೇ ಮುಗಿಸಿ.

ಒಂಬತ್ತು ತಟ್ಟೆ

ಇಲ್ಲ, ಎಸೆದೆ. ಅದಕ್ಕೇ ಬಕೆಟ್ ಅಷ್ಟು ಭಾರ.

ಹಳೇ ಕುಕ್ಕರ್

ಮೊಟ್ಟೆ?

ಒಂಬತ್ತು ತಟ್ಟೆ

ಒಂಬತ್ತು. ಅತ್ತೆ ಈಗ ಅವರೇ ಎಣಿಸಿ ಪಾತ್ರೆಗೆ ಹಾಕುತ್ತಾರೆ. ನಾನು ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದು ಅವರಿಗೆ ಗೊತ್ತಾಗಿದೆ. ಯಜಮಾನರು ಓದಿ ಹೇಳಿರಬೇಕು.

ದೊಡ್ಡ ಹಂಡೆ ಅಣ್ಣ, ಒಂದು ಪ್ರಶ್ನೆ ಉಳಿದಿದೆ. ಹೊಸದಾಗಿ ತಂದ ಕಡಲೆಕಾಳು ರಾತ್ರಿಯಿಡೀ ನೆನೆದು, ಎಂಟು ಸೀಟಿ ಕೂಗಿಸಿದರೂ ಕಲ್ಲು. ಅತ್ತೆಗೆ ಇರೋ ನಾಲ್ಕು ಹಲ್ಲೂ ಹೋಗುವ ಹಾಗಿದೆ. ಸೋಡಾ ಹಾಕಲಾ?

ದೊಡ್ಡ ಹಂಡೆ

ಹಳೆಯ ದಾಸ್ತಾನು ಇರಬೇಕು, ವರ್ಷಗಟ್ಟಲೆ ಕೂತ ಕಾಳು ಹಾಗೇ ಆಗುತ್ತದೆ. ಸೋಡಾ ನೆನೆಹಾಕುವ ನೀರಿಗೆ ಒಂದು ಚಿಟಿಕೆ ಹಾಕಬಹುದು, ಜಾಸ್ತಿ ಹಾಕಿದರೆ ಸಾಬೂನಿನ ರುಚಿ. ಅದಿರಲಿ, ಟೊಮೆಟೊ ಯಾವಾಗ ಹಾಕಿದಿರಿ?

ಒಂಬತ್ತು ತಟ್ಟೆ

ಕಾಳಿನ ಜೊತೆಗೇ. ಕುಕ್ಕರ್‌ಗೆ.

ದೊಡ್ಡ ಹಂಡೆ

ಹುಳಿ ಬಿದ್ದರೆ ಕಾಳು ಬಿಗಿಯಾಗಿ ಕೂರುತ್ತದೆ. ಬೆಂದ ಮೇಲೆ ಹಾಕಿ. ನಾಳೆ ಹೇಗಾಯಿತು ಅಂತ ಹೇಳಿ.